ಬಾಗಿಲಿಗೆ ಬೇವು, ನಾಲಿಗೆ ಕೆಳಗೆ ಮಾತ್ರೆ

ಹರಿಹರದ ಒಂದು ಓಣಿಯಲ್ಲಿ ಯಾರನ್ನು ಕೇಳಿದರೂ ಇದೇ ಕಥೆ ಹೇಳುತ್ತಾರೆ. ರುದ್ರೇಶನಿಗೆ ಅಮ್ಮ ಆಗಿತ್ತು. ಬಹಳ ಜೋರಾಗಿತ್ತು. ತಾಯಿ ಬೇವಿನ ಸೊಪ್ಪು ಹಾಸಿ ಮಲಗಿಸಿದಳು, ಊರಮ್ಮನಿಗೆ ಹರಕೆ ಹೊತ್ತಳು, ಹುಡುಗ ಉಳಿದುಕೊಂಡ.

ಕಥೆ ಚೆನ್ನಾಗಿಯೇ ಇದೆ. ತೊಂದರೆ ಒಂದೇ. ಆ ಹುಡುಗನ ಮೈಮೇಲೆ ಒಂದು ಗುಳ್ಳೆಯೂ ಎದ್ದಿರಲಿಲ್ಲ.

ನನಗೆ ಹೇಗೆ ಗೊತ್ತು? ಅಷ್ಟೂ ದಿನ ಆ ಮನೆಯೊಳಗೆ ಇದ್ದವಳು ನಾನು. (ಚಿಕನ್‌ಪಾಕ್ಸ್ ಬಂದರೆ ನಮ್ಮ ಕಡೆ ಇವತ್ತಿಗೂ ದೇವಿ ಮನೆಗೆ ಬಂದಳೆಂದೇ ಲೆಕ್ಕ. ಬಾಗಿಲಿಗೆ ಬೇವು ಕಟ್ಟುತ್ತಾರೆ. ಅದನ್ನು ನೋಡಿದವರು ಒಳಗೆ ಕಾಲಿಡುವುದಿಲ್ಲ.) ಬೇವು ನಿಜ, ಹರಕೆ ನಿಜ. ಕಾಯಿಲೆ ಮಾತ್ರ ಬೇರೆ. ರುದ್ರೇಶ ಬಿಡುತ್ತಿದ್ದದ್ದು ಹೆರಾಯಿನ್.

ಇದನ್ನು ಬರೆಯಬಹುದೇ ಎಂದು ಅವನನ್ನೇ ಕೇಳಿದ್ದೆ. "ಬರಿ. ಹೆಸರು ಬ್ಯಾಡ, ಓಣಿ ಬ್ಯಾಡ. ಫೋಟೋ ಹಾಕೋದಾದ್ರೆ ಮದ್ಲಿಂದು ಹಾಕು, ಆಗ ಗಲ್ಲ ಇದ್ವು" ಎಂದ. ಹಾಗಾಗಿ ಹೆಸರು ಬದಲಾಗಿದೆ, ಸಂಬಂಧವೂ ಸ್ವಲ್ಪ ಆಚೀಚೆ ಆಗಿದೆ. ಈ ಬರಹದ ಮಟ್ಟಿಗೆ ಅವನು ನನ್ನ ದೊಡ್ಡಮ್ಮನ ಮಗ. ನನಗಿಂತ ದೊಡ್ಡವನು, ಆದ್ದರಿಂದ ರುದ್ರಣ್ಣ. ಗೋವಾದ ಹೋಟೆಲ್ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಗ ಹತ್ತಿಕೊಂಡದ್ದನ್ನು ಊರಿಗೂ ತಂದಿದ್ದ. ಇಲ್ಲಿ ದಾವಣಗೆರೆಯ ಕೇಟರಿಂಗ್ ತಂಡವೊಂದರಲ್ಲಿ ಮದುವೆ ಅಡುಗೆಗೆ ಹೋಗುತ್ತಿದ್ದ. ನೂರಾರು ಜನರಿಗೆ ಸಾರು ಕುದಿಸುತ್ತಿದ್ದವನು ಮನೆಗೆ ಬಂದು ಒಂದು ತುತ್ತೂ ತಿನ್ನುತ್ತಿರಲಿಲ್ಲ.

ನಿಜ ಗೊತ್ತಿರುವ ನಾಲ್ಕಾರು ಜನರ ಬಳಿ ಇನ್ನೊಂದು ಕಥೆ ಇದೆ. "ಮನಸ್ಸು ಗಟ್ಟಿ ಮಾಡಿದ, ಬಿಟ್ಟ." ಇದಕ್ಕೂ ನನ್ನ ತಕರಾರಿದೆ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಮಗೆ ಮೊದಲು ಕಲಿಸಿದ್ದು ಎದುರಾಳಿ ಹೇಳದೆ ಬಿಟ್ಟದ್ದನ್ನು ಹುಡುಕುವುದು. ಇಲ್ಲಿ ಹೇಳದೆ ಬಿಟ್ಟದ್ದೇನು? ಹಿಂದೆ ಅವನ ಮನಸ್ಸು ಮೆತ್ತಗಿತ್ತು ಎಂಬುದು. ಸುಳ್ಳು. ಹಿಂದೆಯೂ ಅವನು ಬಿಟ್ಟಿದ್ದ, ಒಬ್ಬನೇ, ಕೋಣೆಯ ಚಿಲಕ ಹಾಕಿಕೊಂಡು. ಪ್ರತಿ ಸಲವೂ ಮನಸ್ಸು ಗಟ್ಟಿಯಾಗಿಯೇ ಇತ್ತು. ಕೈಕೊಟ್ಟದ್ದು ಹೊಟ್ಟೆ, ಕಾಲು, ನಿದ್ದೆ. ಭೇದಿಯನ್ನು ಮನಸ್ಸಿನ ಬಲದಿಂದ ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ?

ಈ ಸಲ ಡಾಕ್ಟರ ಬಳಿ ಹೋದೆವು. ದಾವಣಗೆರೆಯ ಒಬ್ಬ ಮನೋವೈದ್ಯರು. ವಾರ್ಡಿಗೆ ಸೇರುವುದಿಲ್ಲ ಎಂದು ರುದ್ರಣ್ಣ ಹಟ ಹಿಡಿದಿದ್ದ. ಆ ಆಸ್ಪತ್ರೆಯಲ್ಲಿ ನಮ್ಮ ಸಂಬಂಧಿಕರೇ ಇಬ್ಬರು ಕೆಲಸಕ್ಕಿದ್ದಾರೆ. ಡಾಕ್ಟರು ರಕ್ತ, ಲಿವರ್, ಹೃದಯ ಎಲ್ಲ ತಪಾಸಣೆ ಮಾಡಿಸಿದರು. ಕುಡಿತ ಇಲ್ಲ, ನಿದ್ದೆ ಮಾತ್ರೆಯ ಚಟ ಇಲ್ಲ, ಬೇರೆ ಕಾಯಿಲೆ ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಹೇಳಿದರು: "ಮನೇಲಿ ಮಾಡಬಹುದು. ಎಲ್ಲರಿಗೂ ಹೀಗೆ ಹೇಳಲ್ಲ ನಾನು. ದಿನಾ ಒಬ್ಬ ಸಿಸ್ಟರ್ ಬಂದು ನೋಡ್ತಾರೆ, ಫೋನಲ್ಲಿ ನಾನಿರ್ತೀನಿ. ಆದ್ರೆ ಮನೇಲಿ ಜವಾಬ್ದಾರಿ ಇರೋ ಒಬ್ಬರು ಸದಾ ಇರಬೇಕು. ಸಂಕಟ ತಡೆಯೋ ಮಾತ್ರೆ ಕೊಡ್ತೀನಿ, ಅದು ಬೀಗದಲ್ಲಿರಬೇಕು, ಬೀಗದ ಕೈ ಇವರ ಹತ್ರ ಇರಬಾರದು."

ದೊಡ್ಡಮ್ಮ ನನ್ನ ಕಡೆ ನೋಡಿದರು. ನಾನು ದಾವಣಗೆರೆಯ ಬಾಡಿಗೆ ರೂಮಿನಲ್ಲಿ ಕೂತು ಅನುವಾದದ ಕೆಲಸ ಮಾಡುವವಳು. ಮದುವೆಯಾಗಿಲ್ಲ. ನಮ್ಮ ಮನೆತನದ ನಿಘಂಟಿನಲ್ಲಿ ಇದಕ್ಕೆ 'ಖಾಲಿ ಅದಾಳೆ' ಎನ್ನುತ್ತಾರೆ.

"ಇವರು ಮಾತ್ರೆ ಕೊಡಿ ಅಂತ ಕಾಡ್ತಾರೆ, ವಾದ ಮಾಡ್ತಾರೆ. ನಿಮ್ಮ ಕೈಲಾಗುತ್ತಾ?" ಡಾಕ್ಟರು ನನ್ನನ್ನು ಕೇಳಿದರು.

ಉತ್ತರ ದೊಡ್ಡಮ್ಮನೇ ಕೊಟ್ಟರು. "ವಾದದಾಗೆ ಇವಳನ್ನ ಗೆದ್ದೋರು ಇಲ್ಲ ಬಿಡ್ರಿ ಸರ್. ಅದ್ಕೇ ಇನ್ನೂ ಮದ್ವಿ ಆಗಿಲ್ಲ."

ಹೊರಡುವ ಮುಂಚೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಈ ವಾರ ಕಷ್ಟದ್ದು, ಆದರೆ ಅಪಾಯ ಹೆಚ್ಚಿರುವುದು ಆಮೇಲೆ. ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ. ಒಮ್ಮೆ ಜಾರಿ ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಂತು ಹೋಗಬಹುದು. ಅದಕ್ಕೇ ಮಾತ್ರೆ ತಿಂಗಳುಗಟ್ಟಲೆ ನಡೆಯಬೇಕು, ವಾರ ವಾರ ಬಂದು ತೋರಿಸಬೇಕು. ನಾವು ಮೂವರೂ ತಲೆಯಾಡಿಸಿದೆವು. ಮೂವರ ಕಿವಿಗೂ ಬಿದ್ದದ್ದು 'ಈ ವಾರ' ಎಂಬ ಎರಡು ಪದ ಮಾತ್ರ ಇರಬೇಕು.

ಮನೆಗೆ ಬಂದ ಮೇಲೆ ಅಸಲಿ ಚರ್ಚೆ ಶುರುವಾಯಿತು. ಓಣಿಗೆ ಏನು ಹೇಳುವುದು? ನಮ್ಮ ಊರುಗಳಲ್ಲಿ ಯಾರಾದರೂ ಮಲಗಿದರೆ 'ಮಾತಾಡಿಸಿಕೊಂಡು ಬರೋಣ' ಎಂದು ಇಡೀ ಓಣಿ ಬರುತ್ತದೆ. ಬ್ರೆಡ್ಡು, ಮೂಸಂಬಿ, ಸಲಹೆ ಹಿಡಿದುಕೊಂಡು.

"ಡೆಂಗಿ ಅನ್ನೋಣ" ಎಂದೆ.

"ಪಪ್ಪಾಯಿ ಎಲೆ ರಸ ಹಿಡ್ಕಂಡು ಬರ್ತಾರೆ. ಕುಡಿಸೇ ಹೋಗ್ತಾರೆ."

"ಕಾಮಾಲೆ?"

"ಅಯ್ಯೋ, ಒಬ್ಬೊಬ್ರಿಗೂ ಒಬ್ಬೊಬ್ಬ ನಾಟಿ ವೈದ್ಯ ಗೊತ್ತಿರ್ತಾನೆ. ಗಾಡಿ ತಂದು ಎತ್ತಾಕ್ಕಂಡು ಹೋಗ್ತಾರೆ."

ಟೈಫಾಯ್ಡ್ ಕೂಡ ಬಿದ್ದುಹೋಯಿತು. ಕೊನೆಗೆ ಒಲೆಯ ಮುಂದೆ ನಿಂತಿದ್ದ ದೊಡ್ಡಮ್ಮ ತಿರುಗಿ ಹೇಳಿದರು: "ಅಮ್ಮ ಆಗೇತಿ ಅನ್ನಾನ."

ನಾನು ಇದರ ವಿರುದ್ಧ ಒಂದು ಪಾಯಿಂಟ್ ಹುಡುಕಿದೆ, ಸಿಗಲಿಲ್ಲ. ಬಾಗಿಲಿಗೆ ಬೇವು ಕಟ್ಟಿದರೆ ಯಾರೂ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೋಣೆ ಕತ್ತಲಾಗಿದ್ದರೆ, ಒಳಗಿನಿಂದ ನರಳಾಟ ಕೇಳಿಸಿದರೆ, ಅದೂ ಸರಿಯೇ. ಎಷ್ಟೋ ಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು, ಇಷ್ಟು ಸಲೀಸಾದ ವಾದ ಒಂದನ್ನೂ ಮಂಡಿಸಿಲ್ಲ.

ಆಮೇಲೆ ಶುರುವಾಯಿತು.

ಮೊದಲು ಆಕಳಿಕೆ. ಬಿಟ್ಟೂಬಿಡದೆ ಆಕಳಿಕೆ. ಕಣ್ಣು, ಮೂಗಿನಲ್ಲಿ ನೀರು. ಆಮೇಲೆ ಮೈ ಮುಳ್ಳೆದ್ದು ಬೆವರು, ಹೊಟ್ಟೆ ತಿರುಚುವ ನೋವು, ತಾವಾಗಿಯೇ ಒದ್ದಾಡುವ ಕಾಲುಗಳು. ಮಾತ್ರೆ ಇದೆ. ಆದರೆ ಮೊದಲ ಮಾತ್ರೆಯನ್ನು ಬೇಗ ಕೊಡುವಂತಿಲ್ಲ. ಹಳೆಯ ಹೆರಾಯಿನ್ ಮೈಯಲ್ಲಿ ಇರುವಾಗಲೇ ಕೊಟ್ಟರೆ ಸಂಕಟ ಒಮ್ಮೆಲೇ ಏರುತ್ತದಂತೆ. ಸಿಸ್ಟರ್ ಬಂದು, ನಾಡಿ ಹಿಡಿದು, ಕಣ್ಣಿನ ಪಾಪೆ ನೋಡಿ, ಡಾಕ್ಟರಿಗೆ ಫೋನ್ ಮಾಡಿ, ಹೂಂ ಎಂದ ಮೇಲೆಯೇ. ಅಲ್ಲಿಯವರೆಗೆ ಬೀಗದ ಕೈ ನನ್ನ ಬಳಿ, ಒದ್ದಾಟ ಅವನ ಬಳಿ.

"ನೀ ಕಟುಕಿ ಕಣೇ" ಎಂದ ರುದ್ರಣ್ಣ.

"ಹೌದು."

"ವಾದ ಮಾಡಲ್ವಾ?"

"ಇಲ್ಲ."

ಬಾಗಿಲ ಬಳಿ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. "ಅರ್ಧನಾರ ಕೊಡೇ" ಎಂದರು. ಅದಕ್ಕೂ ಇಲ್ಲ ಎಂದೆ.

ಸಿಸ್ಟರ್ ಹೂಂ ಎಂದಾಗ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟೆವು. ನೀರು ಕುಡಿಯುವಂತಿಲ್ಲ, ನುಂಗುವಂತಿಲ್ಲ. ಪೂರ್ತಿ ಕರಗುವ ತನಕ ಮಾತಾಡುವಂತಿಲ್ಲ. ಅವನು ಬಾಯಿ ಮುಚ್ಚಿ ನನ್ನನ್ನೇ ನೋಡುತ್ತಿದ್ದ. ಮಾತಿನಿಂದಲೇ ಬದುಕುವ ನನಗೆ ಅಷ್ಟು ಹೊತ್ತು ಒಬ್ಬರ ಕಣ್ಣನ್ನು ಸುಮ್ಮನೆ ನೋಡಿ ಅಭ್ಯಾಸವಿಲ್ಲ. ಸಂಜೆಯ ಹೊತ್ತಿಗೆ ಕಾಲಿನ ಒದ್ದಾಟ ಕಡಿಮೆಯಾಯಿತು. ನೋವು ಹೋಗಿರಲಿಲ್ಲ, ತಡೆದುಕೊಳ್ಳುವಷ್ಟಾಗಿತ್ತು. (ಓದುಗರಲ್ಲಿ ಯಾರಾದರೂ ಇದನ್ನು ಡಾಕ್ಟರಿಲ್ಲದೆ ಮನೆಯಲ್ಲಿ ಮಾಡಿ ನೋಡುತ್ತೇನೆ ಎಂದರೆ, ದಯವಿಟ್ಟು ಬೇಡ. ವಾಂತಿ-ಭೇದಿಯಲ್ಲಿ ನೀರಿನಂಶ ಪೂರಾ ಹೋಗಿ ಜೀವಕ್ಕೇ ಕುತ್ತು ಬರಬಹುದು ಎಂದು ಸಿಸ್ಟರ್ ದಿನವೂ ಹೇಳುತ್ತಿದ್ದರು.)

ಸಿಸ್ಟರ್‌ದೇ ಒಂದು ಸಮಸ್ಯೆ. ಅಮ್ಮ ಆದ ಮನೆಗೆ ನರ್ಸ್ ಯಾಕೆ ಬರಬೇಕು? ದೇವಿ ಬಂದಾಗ ಔಷಧಿ ಕೊಡುವ ಪದ್ಧತಿ ನಮ್ಮ ಓಣಿಯಲ್ಲಿ ಇಲ್ಲ. ಹಾಗಾಗಿ ದೊಡ್ಡಮ್ಮ ಆಕೆಯನ್ನು ಆರೈಕೆಗೆ ಬರುವ ಮಾಯಕೊಂಡದ ಬೀಗರ ಹುಡುಗಿ ಮಾಡಿದರು. ಬಿಪಿ ಮೆಷಿನ್ನು ತರಕಾರಿ ಚೀಲಕ್ಕೆ ಇಳಿಯಿತು, ಅದರ ಮೇಲೆ ಒಂದು ಕಟ್ಟು ಸಬ್ಬಸಿಗೆ.

"ನನ್ನ ಗಂಡ ಯಾರು ಅಂತನಾದ್ರೂ ಹೇಳಿಡ್ರಿ ಅಮ್ಮಾರೆ" ಎಂದರು ಸಿಸ್ಟರ್. "ಎದುರು ಮನೆ ಗಂಗಕ್ಕ ದಿನಾ ನಿಲ್ಲಿಸಿ ಕೇಳ್ತಾರೆ. ನಿನ್ನೆ ಕೆಇಬಿಯಾಗೆ ಅದಾರೆ ಅಂದುಬಿಟ್ಟೆ."

"ನಾನು ಸ್ಕೂಲ್ ಮೇಷ್ಟ್ರು ಅಂದಿದೀನಲ್ಲವ್ವ" ಎಂದರು ದೊಡ್ಡಮ್ಮ, ನಿಜಕ್ಕೂ ಗಾಬರಿಯಾಗಿ.

ನಗು ಬಂತು. ರುದ್ರಣ್ಣನೂ ಹೊದಿಕೆಯೊಳಗಿನಿಂದ ನಕ್ಕ. ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಕೇಳಿದ ದೊಡ್ಡ ಸದ್ದು ಅದೇ.

ಉಳಿದಂತೆ ಸದ್ದೇ ಇರಲಿಲ್ಲ. ಸುಳ್ಳು ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ನಮ್ಮ ಬಾಗಿಲು ಬಂದ ಕೂಡಲೇ ಜನ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಆಡುವ ಮಕ್ಕಳನ್ನು ಯಾರೋ ಕೂಗಿ ಕರೆದುಕೊಳ್ಳುತ್ತಿದ್ದರು. ಹಾಲಿನವನು ಪ್ಯಾಕೆಟ್ಟನ್ನು ಗೇಟಿನ ಹೊರಗೇ ಇಟ್ಟು ಕೈಮುಗಿದು ಹೋಗುತ್ತಿದ್ದ. ಗೇಟು ಗಾಳಿಗೆ ಅಲ್ಲಾಡಿದರೂ ರುದ್ರಣ್ಣ ತಲೆ ಎತ್ತುತ್ತಿದ್ದ.

"ಯಾರಾನ ಬಂದ್ರಾ?"

"ಇಲ್ಲ, ಗಾಳಿ."

"ಹೂಂ. ಹೆಂಗೆ ಬರ್ತಾರೆ."

ಅವನ ಫೋನ್ ನನ್ನ ಬಳಿ ಇತ್ತು. ಅದೊಂದು ಮಾತ್ರ ಬಡಿದುಕೊಳ್ಳುತ್ತಿತ್ತು. ಅವನಿಗೆ ಅಮ್ಮ ಆಗಿರುವ ಸುದ್ದಿ ಕೇಟರಿಂಗ್ ಗೆಳೆಯರಿಗೆ ಮುಟ್ಟಿತ್ತು, ಅವರು ಕರೆಯುತ್ತಿರಲಿಲ್ಲ. ಬರುತ್ತಿದ್ದದ್ದು 'ಟೈಲ್ಸ್ ಅಂಗಡಿ' ಎಂದು ಸೇವ್ ಮಾಡಿದ್ದ ಒಂದೇ ನಂಬರ್. ಆ ಮನೆಯ ನೆಲಕ್ಕೆ ಇನ್ನೂ ಕಡಪಾ ಕಲ್ಲೇ ಇದೆ ಎಂದರೆ ಆ ಅಂಗಡಿಯವನು ಮಾರುತ್ತಿದ್ದದ್ದು ಏನೆಂದು ನಿಮಗೆ ಅರ್ಥವಾದೀತು. ಒಂದು ಮಧ್ಯಾಹ್ನ ಎತ್ತಿದೆ. ಆ ಕಡೆಯವನು ಬಹಳ ಮೃದುವಾಗಿ, "ಹೆಂಗಿದೀಯಪ್ಪ? ಊಟ ಮಾಡ್ತಿದೀಯಾ?" ಎಂದ. ನಾನು ಕಟ್ ಮಾಡಿದೆ. ಆ ಇಡೀ ದಿನ ರುದ್ರಣ್ಣ ಹೇಗಿದ್ದಾನೆಂದು ಹೊರಗಿನಿಂದ ಕೇಳಿದ್ದು ಆ ಮನುಷ್ಯ ಒಬ್ಬನೇ.

ಹೊಟ್ಟೆ ತಹಬಂದಿಗೆ ಬಂದ ಮೇಲೆ ರುದ್ರಣ್ಣ ಗೋಡೆಗೆ ಒರಗಿ ಕೂರತೊಡಗಿದ. ಡಾಕ್ಟರಿಗೆ ಮುಂಚೆ ದೊಡ್ಡಮ್ಮ ಅವನನ್ನು ದೆವ್ವ-ಪೀಡೆ ಬಿಡಿಸಿಕೊಳ್ಳಲು ಜನ ಹೋಗುವ ಉಕ್ಕಡಗಾತ್ರಿಯ ಗುಡಿಗೆ ಕರೆದೊಯ್ದಿದ್ದರಂತೆ. ನನಗೆ ಗೊತ್ತಿರಲಿಲ್ಲ.

"ವಾಸಿ ಆಯ್ತಾ?" ಎಂದೆ. ನನ್ನ ದನಿಯಲ್ಲಿ ಸ್ಪರ್ಧೆಯ ವೇದಿಕೆ ಇತ್ತು.

"ಇಲ್ಲ ಬಿಡು. ಹೊಳಿ ದಂಡಿ ಮ್ಯಾಲೆ ಮುದುರ್ಕಂಡು ಕೂತಿದ್ದೆ, ನಡುಗ್ತಿದ್ದೆ. ಪಕ್ಕದಾಗೆ ಒಬ್ಳು ಅಜ್ಜಿ, ಯಾರ ಕಡಿಯೋಳೋ, ತನ್ನ ಕಂಬಳಿ ತಂದು ಹೊದಿಸಿದ್ಲು. ಏನಾಗೇತಪ್ಪ ಅಂತ ಕೇಳ್ಲೇ ಇಲ್ಲ. ಅಲ್ಲಿ ಎಲ್ರಿಗೂ ಏನೋ ಒಂದು ಆಗಿರ್ತತಲ್ಲ."

ನನ್ನ ಬಳಿ ಖಂಡನೆ ಸಿದ್ಧವಿತ್ತು. ಅದನ್ನು ಬಿಟ್ಟು ಅವನ ಹೊದಿಕೆ ಸರಿಮಾಡಿದೆ.

ಮರುದಿನ ಅವನಿಗೆ ಮೊದಲ ಸಲ ಹಸಿವಾಯಿತು. ಬರೀ ಹಸಿವಲ್ಲ, ಆಸೆ. "ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಬೇಕು" ಎಂದ. ಎಷ್ಟೋ ತಿಂಗಳಿಂದ ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದವನು. ನಾನು ಖುಷಿಯಲ್ಲಿ ಅಡುಗೆಮನೆಗೆ ಓಡಿದೆ. ದೊಡ್ಡಮ್ಮ ಬಾಣಲೆ ಇಳಿಸಿದರು, ಎಣ್ಣೆ ಡಬ್ಬಿ ತೆಗೆದರು, ಹಾಗೇ ನಿಂತುಬಿಟ್ಟರು.

"ಎಣ್ಣಿ ಕಾಸಂಗಿಲ್ಲ" ಎಂದರು.

ಅಮ್ಮ ಆದ ಮನೆಯಲ್ಲಿ ಎಣ್ಣೆ ಕಾಯಿಸುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ. ವಾಸನೆ ಗಂಗಕ್ಕನ ಮೂಗಿಗೆ ಹೋದರೆ ಕಥೆ ಕೆಟ್ಟಿತು. ಅಂಗಡಿಯಿಂದ ಕಟ್ಟಿಸಿಕೊಂಡು ಬರುತ್ತೇನೆ ಎಂದೆ. ಅಮ್ಮ ಆದ ಮನೆಗೆ ಮಿರ್ಚಿ ಪೊಟ್ಟಣ ಹಿಡಿದು ಹೋಗುವುದನ್ನು ಓಣಿ ನೋಡಿದರೆ?

ರುದ್ರಣ್ಣ ಮೊಸರನ್ನ ತಿಂದ. "ಖಾರ ಕಮ್ಮಿ ಆಗೇತೆ" ಎಂದು ತಮಾಷೆ ಮಾಡಿದ. ದೊಡ್ಡಮ್ಮ ನಗಲಿಲ್ಲ. ಅವನ ತಟ್ಟೆ ತೊಳೆಯುತ್ತಾ ಬಹಳ ಹೊತ್ತು ನಲ್ಲಿಯ ಬಳಿಯೇ ಇದ್ದರು.

ದೊಡ್ಡಮ್ಮನನ್ನು ಯಾರೂ ತಪ್ಪು ತಿಳಿಯಬಾರದು. ವಾಂತಿಯ ಬಟ್ಟೆಗಳನ್ನು ಒಗೆದದ್ದು ಅವರು. ಕಾಲು ಒದ್ದಾಡುವಾಗ ತೊಡೆಯ ಮೇಲಿಟ್ಟು ಒತ್ತಿದ್ದು ಅವರು. ದೊಡ್ಡಪ್ಪ ತೀರಿಹೋದ ಮೇಲೆ ಆ ಓಣಿಯ ಹೆಂಗಸರೇ ಅವರಿಗೆ ಬಂಧು ಬಳಗ. ಸುಳ್ಳು ಹೇಳಿದ್ದು ಮಗನಿಗಾಗಿ, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಆ ಸುಳ್ಳು ತನ್ನದೇ ಕ್ಯಾಲೆಂಡರ್ ತಂದಿತ್ತು. ಅಮ್ಮ ಬಂದರೆ ಒಂದು ದಿನ ಹೋಗಲೇಬೇಕಲ್ಲ. ಬೇವು, ಅರಿಶಿನ ಹಾಕಿದ ನೀರು ಕಾಯಿಸಿ ತಲೆಗೆ ಹಾಕಿದರು. ಊರಮ್ಮನಿಗೆ ಉಡಿ ತುಂಬಿ, ಮೊಸರನ್ನದ ಎಡೆ ಕೊಟ್ಟು ಬಂದರು. ಬಾಗಿಲ ಬೇವು ಇಳಿಯಿತು.

ಓಣಿ ಒಳಗೆ ಬಂತು. ಇಡೀ ಓಣಿ. ಪಡಸಾಲೆಯಲ್ಲಿ ಕೂರಲು ಜಾಗ ಸಾಲದೆ ಹೆಂಗಸರು ಅಡುಗೆಮನೆಯವರೆಗೆ ಕೂತರು. "ಎಷ್ಟು ಸೊರಗಿದಿಯೋ ಮಗನೇ" ಎಂದು ಗಂಗಕ್ಕ ಅವನ ಗಲ್ಲ ಹಿಡಿದು ಅತ್ತೇಬಿಟ್ಟರು. "ದಿನಾ ಕೈ ಮುಗೀತಿದ್ದೆ ಕಣಪ್ಪ ನಮ್ಮ ಬಾಗಿಲಾಗೆ ನಿಂತು." ಇನ್ನೊಬ್ಬರು ಅವನ ಮುಖವನ್ನು ಬೆಳಕಿಗೆ ತಿರುಗಿಸಿ, "ನೋಡ್ರೀ, ಒಂದು ಕಲೆ ಬಿದ್ದಿಲ್ಲ. ಒಟ್ಟ ಕೆರ್ಕಂಡಿಲ್ಲ ಹುಡುಗ" ಎಂದು ಮೆಚ್ಚಿದರು. ಎಲ್ಲರೂ ಮುಟ್ಟಿದರು. ತಲೆ ನೇವರಿಸಿದರು. ಪ್ರೀತಿಯಲ್ಲಿ ಯಾವ ನಾಟಕವೂ ಇರಲಿಲ್ಲ.

ಅಷ್ಟು ಜನರ ನಡುವೆ ರುದ್ರಣ್ಣ ಕೂತಿದ್ದ ರೀತಿ ಹೇಳಲೇ? ತನ್ನದೇ ಹೆಸರಿನ ಬೇರೆ ಯಾರಿಗೋ ಮಾಡುತ್ತಿರುವ ಸನ್ಮಾನವನ್ನು ಹಿಂದಿನ ಸಾಲಿನಿಂದ ನೋಡುವವನ ಹಾಗೆ. ಅವರು ಕಣ್ಣೀರಿಟ್ಟದ್ದು ಚಿಕನ್‌ಪಾಕ್ಸ್ ಗೆದ್ದವನಿಗೆ. ಇವನು ಪಟ್ಟದ್ದಕ್ಕೆ ಅಲ್ಲಿ ಸಾಕ್ಷಿಗಳೇ ಇರಲಿಲ್ಲ.

ನಾನು ದಾವಣಗೆರೆಗೆ ವಾಪಸಾದೆ. ಬೀಗದ ಕೈ ದೊಡ್ಡಮ್ಮನಿಗೆ ಕೊಟ್ಟೆ. ಸೋಮವಾರ ಡಾಕ್ಟರ ಬಳಿ ಹೋಗಬೇಕು ಎಂದು ಹೇಳಿದೆ. ಹೂಂ ಎಂದರು.

ಸೋಮವಾರ ಸಂಜೆ ಡಾಕ್ಟರೇ ಫೋನ್ ಮಾಡಿದರು. "ಅವರು ಬರಲಿಲ್ಲ. ಮಾತ್ರೆ ಮುಗಿಯೋಕೆ ಬಂದಿರುತ್ತೆ. ನಿಮಗೆ ಹೇಳಿದ್ದೆ ಅಲ್ವಾ, ಈಗಲೇ ಅಪಾಯ ಜಾಸ್ತಿ. ನಾಳೆಯೇ ಕಳಿಸಿ."

ಬೆಳಗ್ಗೆ ಮೊದಲ ಬಸ್ಸಿಗೇ ಹರಿಹರಕ್ಕೆ ಹೋದೆ. ದೊಡ್ಡಮ್ಮ ಒಗ್ಗರಣೆ ಹಾಕುತ್ತಿದ್ದರು. ಮನೆ ತುಂಬ ಸಾಸಿವೆ ಘಮ.

"ನೀರು ಹಾಕಿ ಆಯ್ತು, ಎಡಿ ಕೊಟ್ಟಾಯ್ತು. ಮತ್ತೆ ಆಸ್ಪತ್ರಿ ಯಾಕ?" ಎಂದರು.

"ದೊಡ್ಡಮ್ಮ, ಅವನಿಗೆ ಅಮ್ಮ ಆಗಿರಲಿಲ್ಲ."

"ನಂಗೆ ಗೊತ್ತಿಲ್ಲೇನೇ? ಓಣಿಗೆ ಗೊತ್ತಿಲ್ಲ. ಅಮ್ಮ ಹೋದ ಮ್ಯಾಲೆ ವಾರ ವಾರ ದಾವಣಗೆರೆಗೆ ಯಾಕ ಹೋಗ್ತಾನೆ ಅಂತ ಕೇಳಿದ್ರೆ ಏನನ್ಲಿ? ನಿಜ ಹೇಳಿ ಗೆಲ್ಲಾದು ನಿನ್ನ ಭಾಷಣದಾಗೆ. ಇಲ್ಲಿ ಇರಾಕಿ ನಾನು. ಗೊತ್ತಾದ್ರೆ ಅವನ್ನ ಯಾರು ಅಡಿಗಿಗೆ ಕರೀತಾರೆ? ಈ ಮನಿಗೆ ಯಾರು ಬರ್ತಾರೆ?"

"ಮಾತ್ರೆ ಬಿಟ್ಟು ಒಂದೇ ಒಂದು ಸಲ ಜಾರಿದ್ರೆ?"

"ಜಾರಲ್ಲ. ನನ್ನ ಮಗ ಗಟ್ಟಿ ಅದಾನೆ."

ಎಲ್ಲ ಕಡೆ ಸುತ್ತಿ ಮತ್ತೆ ಅಲ್ಲಿಗೇ ಬಂದೆವು. ನನ್ನ ಬಳಿ ಅಂಕಿ ಇತ್ತು, ತರ್ಕ ಇತ್ತು, ಡಾಕ್ಟರ ಮಾತು ಇತ್ತು. ಅವರ ಬಳಿ ಆ ಮೊನ್ನೆಯ ತುಂಬಿದ ಮನೆ ಇತ್ತು. ಅದನ್ನು ಮತ್ತೆ ಖಾಲಿ ಮಾಡಿ ಎಂದು ನಾನು ಹೇಳುತ್ತಿದ್ದೆ. ತೀರ್ಪುಗಾರರಿದ್ದರೆ ಯಾರಿಗೆ ಕೊಡುತ್ತಿದ್ದರೋ ಗೊತ್ತಿಲ್ಲ.

ಅಷ್ಟರಲ್ಲಿ ಒಳಗಿನಿಂದ ರುದ್ರಣ್ಣ ಬಂದ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಅಂಗಿ ಮೈಗಿಂತ ಒಂದು ಸೈಜು ದೊಡ್ಡದಾಗಿತ್ತು. ಡಾಕ್ಟರ ಚೀಟಿ ಜೇಬಿನಲ್ಲಿ ಕಾಣಿಸುತ್ತಿತ್ತು. ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿದ, ಗೇಟು ತೆಗೆದ. ನಾನು ಹಿಂದೆಯೇ ಹೊರಟೆ. ದೊಡ್ಡಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊಸ್ತಿಲಿಗೆ ಬಂದರು.

ಎದುರು ಕಟ್ಟೆಯ ಮೇಲೆ ಗಂಗಕ್ಕ ಅಕ್ಕಿ ಆರಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಇನ್ನಿಬ್ಬರು. ಮುಖ ತುಂಬ ನಗುತ್ತಾ, ನಮ್ಮೂರಲ್ಲಿ ಯಾರು ಯಾರನ್ನಾದರೂ ಕೇಳುವುದನ್ನೇ ಕೇಳಿದರು.

"ಬೆಳಿಗ್ಗೇನೆ ಎಲ್ಲಿಗಪ್ಪಾ ಹೊಂಟಿ?"

ರುದ್ರಣ್ಣ ಅಲ್ಲೇ ನಿಂತ. ನಿಧಾನವಾಗಿ ತಿರುಗಿ ಹೊಸ್ತಿಲ ಕಡೆ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಕೇಳ್ತಾ ಅದಾಳೆ ನೋಡವ್ವ. ಎಲ್ಲಿಗೆ ಹೊಂಟೀನಿ ನಾನು?"